ಆನ್‌ಲೈನ್ ಅಂಗಡಿಯ ಆಟೋಮೆಸೇಜ್: ಯಾರಿಗೆ ಕಳಿಸಬಾರದು ಅಂತ ಮೊದಲು ಬರೆದಿಡಿ

ಬಾಗಲಕೋಟೆ ಕಡೆಯಿಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಆನ್‌ಲೈನ್‌ನಲ್ಲಿ ಮಾರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಆಟೋಮೇಷನ್ (ಮೆಸೇಜ್ ತಾನಾಗಿಯೇ ಹೋಗುವ ವ್ಯವಸ್ಥೆ) ಆನ್ ಮಾಡುವಾಗ ಎಲ್ಲರೂ ಯೋಚನೆ ಮಾಡುವುದು ಯಾರಿಗೆ ಕಳಿಸಬೇಕು ಅಂತ. ಯಾರಿಗೆ ಕಳಿಸಬಾರದು ಅನ್ನುವುದೇ ಮುಖ್ಯ. ಬೇಡದ ಮೆಸೇಜ್ ಬಂದರೆ ಗ್ರಾಹಕರು ಜಗಳಕ್ಕೆ ಬರುವುದಿಲ್ಲ, ಸುಮ್ನೆ ಬ್ಲಾಕ್ ಮಾಡುತ್ತಾರೆ. ಆಮೇಲೆ ಪಾರ್ಸೆಲ್ ಹೊರಟಿದೆ ಅನ್ನುವ ಸುದ್ದಿಯೂ ಅವರಿಗೆ ಮುಟ್ಟುವುದಿಲ್ಲ.

ಹಾಗಾಗಿ ಮೊದಲು ಒಂದು ‘ಬೇಡ’ ಪಟ್ಟಿ ಮಾಡಿ, ಆಫರ್ ಕಳಿಸುವ ಪ್ರತಿಯೊಂದು ರೂಲ್‌ಗೂ (ಯಾರಿಗೆ, ಯಾವಾಗ ಮೆಸೇಜ್ ಹೋಗಬೇಕು ಅನ್ನುವ ಷರತ್ತಿಗೂ) ಅದನ್ನು ಜೋಡಿಸಿ. ಮೆಸೇಜ್‌ಗೆ ಒಪ್ಪಿಗೆ ಕೊಡದವರು, ನಿಲ್ಲಿಸಿ ಅಂದವರು, ಸೀರೆ ವಾಪಸ್ ಕೇಳಿ ಕಾಯುತ್ತಿರುವವರು, ಪಾರ್ಸೆಲ್ ಇನ್ನೂ ದಾರಿಯಲ್ಲಿರುವವರು, ಈ ವಾರ ಆಗಲೇ ಒಂದು ಆಫರ್ ಹೋಗಿರುವವರು, ಇವರೆಲ್ಲ ಅದರಲ್ಲಿ ಇರಬೇಕು. ವಾಟ್ಸಾಪ್‌ನಲ್ಲಿ ಒಪ್ಪಿಗೆ ಇಲ್ಲದೆ ಕಳಿಸುವ ಹಾಗೇ ಇಲ್ಲ. ಗ್ರಾಹಕರು ಕೊನೆಗೆ ಮೆಸೇಜ್ ಮಾಡಿ 24 ಗಂಟೆ ಕಳೆದರೆ ವಾಟ್ಸಾಪ್ ಮುಂಚೆಯೇ ಅನುಮೋದಿಸಿದ ಟೆಂಪ್ಲೇಟ್ (ಸಿದ್ಧ ಮೆಸೇಜ್) ಮಾತ್ರ ಹೋಗುತ್ತದೆ. ಎಸ್‌ಎಂಎಸ್ ಆದರೆ ಡಿಎಲ್‌ಟಿ (ವ್ಯಾಪಾರದ ಎಸ್‌ಎಂಎಸ್ ಕಳಿಸುವವರನ್ನು ದಾಖಲಿಸುವ ಟೆಲಿಕಾಂ ಕಂಪನಿಗಳ ವ್ಯವಸ್ಥೆ) ನೋಂದಣಿ ಬೇಕು, ಜಾಹೀರಾತಿನ ಮೆಸೇಜ್ ಬೆಳಿಗ್ಗೆ 10ರಿಂದ ರಾತ್ರಿ 9ರ ಒಳಗೇ ಹೋಗಬೇಕು.

ಈಗ ಒಂದು ರೂಲ್ ಬರೆಯೋಣ. ಇಳಕಲ್ ಸೀರೆ ತಗೊಂಡವರಿಗೆ ಜೊತೆಗೊಂದು ಖಣದ ಕುಪ್ಪಸ ಬೇಕೇ ಬೇಕು ಅಲ್ವಾ? ಅಲ್ಲಿಂದಲೇ ಶುರು ಮಾಡಿ: ಇಳಕಲ್ ಸೀರೆ ಕೊಂಡಿದ್ದಾರೆ, ಮತ್ತು ಅದು ಕೈ ಸೇರಿ 5 ದಿನ ಆಗಿದೆ, ಮತ್ತು ಇದುವರೆಗೆ ಒಮ್ಮೆಯೂ ಖಣ ಕೊಂಡಿಲ್ಲ. ಮೂರೂ ಷರತ್ತುಗಳ ನಡುವೆ ‘ಮತ್ತು’ ಇರಬೇಕು. ಎಲ್ಲೋ ಒಂದು ಕಡೆ ‘ಅಥವಾ’ ಆಯಿತೋ, ಹೋದ ವಾರ ನಿಮ್ಮಿಂದಲೇ ನಾಲ್ಕು ಖಣ ತರಿಸಿಕೊಂಡವರಿಗೂ ‘ಖಣ ಬೇಕಾ’ ಅಂತ ಹೋಗಿಬಿಡುತ್ತದೆ. ಮೂರನೆಯದರಲ್ಲಿ ಕೊನೆಯ ಆರ್ಡರ್ ಅಷ್ಟೇ ನೋಡದೆ ಹಳೆಯ ಆರ್ಡರ್‌ಗಳನ್ನೂ ಸೇರಿಸಿ. ಸೀರೆಗೆ ಬಣ್ಣದ ಟ್ಯಾಗ್ ಹಾಕಿಟ್ಟಿದ್ದರೆ ಇನ್ನೂ ಚಂದ: “ನಮಸ್ಕಾರ್ರೀ, ನೀವು ತಗೊಂಡ ಹಸಿರು ಸೀರೆಗೆ ಒಪ್ಪುವ ಖಣ ಬಂದಾವ, ನೋಡ್ತೀರೇನು?” ಇಷ್ಟು ಸಾಕು. ಉದ್ದವೂ ಲೆಕ್ಕಕ್ಕೆ ಬರಲಿ, ಯಾವಾಗಲೂ 9 ಗಜದ್ದೇ ತಗೊಳ್ಳುವವರಿಗೆ 6 ಗಜದ ಹೊಸ ಸ್ಟಾಕ್ ತೋರಿಸಿ ಏನು ಉಪಯೋಗ?

ರೂಲ್ ಶುರುವಾಗುವಾಗ ಒಮ್ಮೆ, ಮೆಸೇಜ್ ಹೊರಡುವ ಮುಂಚೆ ಇನ್ನೊಮ್ಮೆ ಷರತ್ತು ನೋಡುವ ಹಾಗೆ ಸೆಟ್ಟಿಂಗ್ ಇಡಿ. ಕಾರ್ಟ್‌ನಲ್ಲಿ ಸೀರೆ ಬಿಟ್ಟುಹೋದವರ ವಿಷಯದಲ್ಲಿ ಇದು ತುಂಬಾ ಮುಖ್ಯ. ನಮ್ಮ ಕಡೆ ಜನ ಕಾರ್ಟ್‌ಗೆ ಹಾಕಿ, ಆಮೇಲೆ ಫೋನ್ ಮಾಡಿ ಸೆರಗಿನ ಬಣ್ಣ ಕೇಳಿ, ಯುಪಿಐನಲ್ಲಿ ದುಡ್ಡು ಹಾಕಿಬಿಡುತ್ತಾರೆ, ಆದರೆ ಅಂಗಡಿಯ ಸಿಸ್ಟಮ್‌ಗೆ ಅದು ಗೊತ್ತಾಗುವುದೇ ಇಲ್ಲ. ಫೋನ್ ಆರ್ಡರ್ ಬಂದ ಕೂಡಲೇ ಅದೇ ನಂಬರ್‌ಗೆ ಎಂಟ್ರಿ ಮಾಡಿ. ನಂಬರ್ ಒಂದು ಕಡೆ +91 ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ, ಅದನ್ನೂ ಸರಿ ಮಾಡಿ.

ಪಿನ್‌ಕೋಡ್ ಒಳ್ಳೆಯ ಸಾಧನ. 587 ಬಾಗಲಕೋಟೆ, 586 ವಿಜಯಪುರ, 590 ಮತ್ತು 591 ಬೆಳಗಾವಿ. ನಾಗರ ಪಂಚಮಿಯ ಆಫರ್ ಇದ್ದರೆ ದೂರದ ಪಿನ್‌ಗಳಿಗೆ ಮೊದಲು ಕಳಿಸಿ, ಬೇಗ ನಿಲ್ಲಿಸಿ. ಹತ್ತಿರದವರಿಗೆ ಸ್ವಲ್ಪ ತಡವಾದರೂ ನಡೆಯುತ್ತದೆ. ಹಬ್ಬ ಮುಗಿದ ಮೇಲೆ ಸೀರೆ ಬಂದರೆ ಯಾರಿಗೆ ಬೇಕು? ಆದರೆ ಪಿನ್ ನೋಡಿ ಭಾಷೆ ಆರಿಸಬೇಡಿ. ಬೆಳಗಾವಿಯ ಒಂದೇ ಓಣಿಯಲ್ಲಿ ಕನ್ನಡದವರೂ ಇರುತ್ತಾರೆ, ಮರಾಠಿಯವರೂ ಇರುತ್ತಾರೆ. ಆರ್ಡರ್ ಮಾಡುವಾಗಲೇ ಕೇಳಿ, ಉತ್ತರ ಸೇವ್ ಮಾಡಿಕೊಳ್ಳಿ.

ಆನ್ ಮಾಡುವ ಮುಂಚೆ ಎಷ್ಟು ಜನ ಆ ರೂಲ್‌ಗೆ ಬಿದ್ದಿದ್ದಾರೆ ನೋಡಿ. ಒಟ್ಟು ಗ್ರಾಹಕರ ಸಂಖ್ಯೆಗೆ ಹತ್ತಿರ ಇದ್ದರೆ ಎಲ್ಲೋ ‘ಅಥವಾ’ ನುಸುಳಿದೆ ಅಂತಲೇ ತಿಳಿಯಿರಿ. ಆ ಪಟ್ಟಿಯಿಂದ ನಾಲ್ಕೈದು ಹೆಸರು ತೆಗೆದು, ಒಬ್ಬೊಬ್ಬರ ಹಳೆಯ ಆರ್ಡರ್ ನೀವೇ ತೆರೆದು ನೋಡಿ, ಈ ಮೆಸೇಜ್ ಅವರಿಗೆ ಹೊಂದುತ್ತದೆ ಅನ್ನಿಸಿದರೆ ಮಾತ್ರ ಬಟನ್ ಒತ್ತಿ.