ಬಳ್ಳಾರಿಯಲ್ಲಿ ಕಲ್ಲು ಕೂಡಿಡುವವರ ಜೊತೆ

ನಮ್ಮ ಬಳ್ಳಾರಿಯಲ್ಲಿ ಸುತ್ತಿಗೆ ಹಿಡಿದು ಬಂಡೆ ಹತ್ತಿರ ನಿಂತರೆ ಸಾಕು, ದಾರಿಯಲ್ಲಿ ಹೋಗುವವರು ಬಂದು ಕೇಳುತ್ತಾರೆ, ‘ಏನವ್ವಾ, ಇಲ್ಲಿ ಅದಿರು ಐತೇನು?’ ಅಂತ. ಕಲ್ಲು ಅಂದರೆ ಇಲ್ಲಿ ಗಣಿಯೇ ನೆನಪಾಗುವುದು. ಸುಮ್ನೆ ಇಷ್ಟಪಟ್ಟು ಕಲ್ಲು ಕೂಡಿಡುವವರೂ ಇದ್ದಾರೆ ಅಂದರೆ ನಂಬುವವರು ಕಡಿಮೆ.

ನಾನು ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುವವಳು. ಓದಿದ್ದು ಕಾಮರ್ಸ್. ನಮ್ಮೂರಿನ ಕಲ್ಲುಪ್ರಿಯರ ಗುಂಪಿನ ಸುದ್ದಿ ಸಿಕ್ಕಿದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂನಲ್ಲಿ. ಊರ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಸಿಕ್ಕ ಶಿಲಾಯುಗದ ಕರಿಕಲ್ಲಿನ ಕೊಡಲಿಗಳ ಮುಂದೆ ತುಂಬ ಹೊತ್ತು ನಿಂತಿದ್ದೆ. ನಿವೃತ್ತ ಭೂವಿಜ್ಞಾನ ಮೇಷ್ಟ್ರೊಬ್ಬರು ತಾವಾಗಿಯೇ ಮಾತಾಡಿಸಿದರು. ಭಾನುವಾರ ಬೆಳಿಗ್ಗೆ ನಾವು ಸೇರುತ್ತೇವೆ, ಬನ್ನಿ ಅಂದರು. ಚಂದಾ ಇಲ್ಲ, ಫಾರಂ ಇಲ್ಲ. ಒಂದು ಕಲ್ಲು ತರಬೇಕು ಅಷ್ಟೇ. ‘ಹೆಸರು ಗೊತ್ತಿರಬೇಕಿಲ್ಲಮ್ಮ. ಎಲ್ಲಿ ಸಿಕ್ತು ಅಂತ ಸರಿಯಾಗಿ ಹೇಳಿದರೆ ಸಾಕು.’

ನಮ್ಮ ಬೀದಿಯಲ್ಲಿ ಮನೆ ಕಟ್ಟಲು ಪಾಯ ತೋಡುತ್ತಿದ್ದರು. ಕೇಳಿ ಅಲ್ಲಿಂದ ಒಂದು ಗ್ರಾನೈಟ್ ತುಂಡು ಒಯ್ದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಲೆನ್ಸನ್ನು ಮೇಷ್ಟ್ರು ಕೈಗೆ ಕೊಟ್ಟರು. ಅದನ್ನು ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನೇ ಹತ್ತಿರ ತರಬೇಕು. ತಿಳಿಗುಲಾಬಿ ಬಣ್ಣದ ಕಣಗಳನ್ನು ಬೆಳಕಿಗೆ ತಿರುಗಿಸಿದಾಗ ಒಂದು ಮುಖ ಪಳಕ್ಕನೆ ಹೊಳೆಯಿತು. ಅದು ಫೆಲ್ಡ್‌ಸ್ಪಾರ್, ಒಡೆದರೆ ಸಪಾಟಾಗಿ ಒಡೆಯುತ್ತದೆ. ಅದರ ನಡುವೆ ಬೂದುಬಣ್ಣದ, ಗಾಜಿನಂಥ, ಸಪಾಟು ಮುಖವೇ ಇಲ್ಲದ ಕಣ ಬೆಣಚುಕಲ್ಲು. ಕಪ್ಪು ಚುಕ್ಕೆಗೆ ಪಿನ್ನು ತಾಗಿಸಿದರೆ ಹಾಳೆಹಾಳೆಯಾಗಿ ಎದ್ದು ಬಂತು, ಅದು ಅಭ್ರಕ. ದಿನಾ ಮೆಟ್ಟಿಕೊಂಡು ಓಡಾಡುವ ಕಲ್ಲಿನಲ್ಲಿ ಇಷ್ಟೆಲ್ಲ ಇದೆ ಅಂತ ಅವತ್ತೇ ನೋಡಿದ್ದು.

ಆಮೇಲೆ ಬಂದದ್ದು ಅದಿರಿನ ಪಾಠ. ಸಂಡೂರಿನ ಬೆಟ್ಟಸಾಲಿನಲ್ಲಿ ಕಬ್ಬಿಣವೂ ಇದೆ, ಮ್ಯಾಂಗನೀಸೂ ಇದೆ. ಎರಡೂ ಕಪ್ಪಾಗಿ, ಭಾರವಾಗಿ ಇರುವುದರಿಂದ ಬರೀ ಕಣ್ಣಿಗೆ ಹೇಳಲಾಗದು. ಮೇಷ್ಟ್ರು ಒಂದು ಟೈಲ್ಸ್ ತುಂಡು ತೆಗೆದು ಹೊಳಪಿಲ್ಲದ ಹಿಂಬದಿ ಮೇಲೆ ಮಾಡಿದರು. ಮೂರು ಕರಿ ಕಲ್ಲು ಕೊಟ್ಟು ಗೀಚಲು ಹೇಳಿದರು. ಮೊದಲನೆಯದು ಕೆಂಪು ಗೆರೆ ಬಿಟ್ಟಿತು. ಕಲ್ಲು ಉಕ್ಕಿನ ಬಣ್ಣದ್ದು, ಗೆರೆ ಮಾತ್ರ ಒಣಗಿದ ರಕ್ತದ ಬಣ್ಣ. ಅದು ಹೆಮಟೈಟ್, ಕಬ್ಬಿಣದ ಅದಿರು. ಸಂಡೂರಿನ ರಸ್ತೆ, ಲಾರಿ, ಬೇಲಿಗಿಡ ಎಲ್ಲ ಕೆಂಪಾಗುವುದು ಇದೇ ಪುಡಿಯಿಂದ. ಎರಡನೆಯದರ ಗೆರೆ ಕಪ್ಪು, ಅಯಸ್ಕಾಂತ ತಂದರೆ ಟಕ್ಕನೆ ಅಂಟಿತು, ಅದು ಮ್ಯಾಗ್ನಟೈಟ್, ಅದೂ ಕಬ್ಬಿಣದ ಅದಿರೇ. ಮೂರನೆಯದೂ ಕಪ್ಪು ಗೆರೆ ಎಳೆಯಿತು, ಆದರೆ ಅಯಸ್ಕಾಂತಕ್ಕೆ ಜಗ್ಗಲಿಲ್ಲ. ಹಿಡಿದ ಬೆರಳಿಗೆಲ್ಲ ಮಸಿ ಹತ್ತಿತ್ತು. ಮ್ಯಾಂಗನೀಸ್ ಅದಿರಿನ ಗುರುತೇ ಅದು. ಹೊಸಬರು ದುಬಾರಿ ಸಾಮಾನು ಕೊಳ್ಳುವ ಮೊದಲು ಈ ಟೈಲ್ಸ್ ತುಂಡು, ಒಂದು ಅಯಸ್ಕಾಂತ, ಒಂದು ಹಳೇ ಚಾಕು ಇಟ್ಟುಕೊಳ್ಳಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಚಾಕುವಿನಿಂದ ಗೀರಿದಾಗ ಗೆರೆ ಬೀಳದ ಬಿಳಿಕಲ್ಲು ಹೆಚ್ಚಾಗಿ ಬೆಣಚುಕಲ್ಲು. ಸುಲಭವಾಗಿ ಗೀರು ಬಿದ್ದು, ವಿನೆಗರ್ ಹಾಕಿದಾಗ ನೊರೆ ಬಂದರೆ ಸುಣ್ಣದ ಕಲ್ಲು.

ಚಿನ್ನ ಸಿಕ್ಕಿತಾ ಅಂತ ಎಲ್ಲರೂ ಕೇಳುತ್ತಾರೆ. ರಾಯಚೂರು ಜಿಲ್ಲೆಯ ಹಟ್ಟಿ ಹತ್ತಿರದಲ್ಲೇ ಇದೆ ಅಲ್ವಾ! ಅಲ್ಲಿಯ ಅದಿರಿನಲ್ಲೂ ಟನ್ನಿಗೆ ಕೆಲವೇ ಗ್ರಾಂ ಚಿನ್ನ, ಬರಿಗಣ್ಣಿಗೆ ಕಾಣುವುದೇ ಅಪರೂಪ. ಹಳದಿಯಾಗಿ ಮಿಂಚಿ ಆಸೆ ಹುಟ್ಟಿಸುವುದು ಹೆಚ್ಚಾಗಿ ಪೈರೈಟ್. ಸೂಜಿಯಿಂದ ಒತ್ತಿದರೆ ಅದು ಪುಡಿಯಾಗುತ್ತದೆ, ಚಿನ್ನವಾದರೆ ತಗ್ಗು ಬೀಳುತ್ತದೆ. ಆ ಕಡೆ ಹೋದರೆ ಮಸ್ಕಿಯನ್ನೂ ನೋಡಿ ಬನ್ನಿ. ಅಲ್ಲಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ. ಬಂಡೆ ನೋಡುವ ಕಣ್ಣಿಗೇ ಅದು ಸಿಕ್ಕಿತು ಅನ್ನುವುದು ನಮ್ಮ ಗುಂಪಿಗೆ ದೊಡ್ಡ ಹೆಮ್ಮೆ.

ಎಲ್ಲಿಂದ ತರಬೇಕು ಅನ್ನುವುದರಲ್ಲಿ ಗುಂಪು ತುಂಬ ಬಿಗಿ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದನ್ನು ಕಂಡ ಜಿಲ್ಲೆ ನಮ್ಮದು. ಗಣಿ ಗುತ್ತಿಗೆಯ ಜಾಗ, ಅರಣ್ಯ, ಹಂಪಿ, ಹಳೇ ಕಲ್ಲಿನ ಸಮಾಧಿಗಳಿರುವ ಹಿರೇಬೆಣಕಲ್, ಸಂಗನಕಲ್ಲು ಗುಡ್ಡ, ಇಲ್ಲೆಲ್ಲ ಒಂದು ಚೂರನ್ನೂ ಎತ್ತುವುದಿಲ್ಲ. ಸಂಗನಕಲ್ಲಿನಲ್ಲಿ ಕಾಲಿಗೆ ತಾಗುವ ಕರಿಕಲ್ಲಿನ ಚಕ್ಕೆ ಸಾವಿರಾರು ವರ್ಷದ ಹಿಂದೆ ಯಾರೋ ಕೊಡಲಿ ಮಾಡುವಾಗ ಹಾರಿದ್ದಿರಬಹುದು. ಅದು ಬಿದ್ದಲ್ಲೇ ಇದ್ದರೆ ಮಾತ್ರ ತಿಳಿದವರಿಗೆ ಅಲ್ಲಿ ಕೂತು ಕೆಲಸ ಮಾಡಿದವರ ಸುಳಿವು ಸಿಗುತ್ತದೆ. ನಾವು ಫೋಟೋ ತೆಗೆದುಕೊಂಡು ಬರುತ್ತೇವೆ.

ಹಾಗಂತ ಕಲ್ಲಿಗೇನೂ ಬರವಿಲ್ಲ. ಬಾವಿ ತೋಡಿದ ಗುಡ್ಡೆ, ಜಮೀನಿನ ಬದು, ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಬಿಸಾಡಿದ ಚೂರು, ಎಲ್ಲ ಕಡೆಯೂ ಸಿಗುತ್ತದೆ. ಆದರೆ ಮೊದಲು ಕೇಳಬೇಕು. ಕುಷ್ಟಗಿ ಕಡೆ ಒಬ್ಬ ತಾತ ತಮ್ಮ ಹೊಲದ ಬದುವಿನಲ್ಲಿ ಕೂತು, ‘ಒಯ್ಯಿ ಮಗಳ, ನಮಗ ಇವು ನೇಗಿಲಿಗೆ ಅಡ್ಡ’ ಅಂದರು. ಹೊರಡುವಾಗ ಅವರಿಗೂ ಲೆನ್ಸ್ ಕೊಟ್ಟೆವು. ಅವರು ಕಲ್ಲು ತಿರುಗಿಸಿ ತಿರುಗಿಸಿ ನೋಡುತ್ತಾ ಲೆನ್ಸ್ ವಾಪಸ್ ಕೊಡಲು ಮನಸ್ಸೇ ಮಾಡಲಿಲ್ಲ.

ಮನೆಗೆ ತಂದ ಮೇಲಿನ ಕೆಲಸ ನನಗೆ ಇನ್ನೂ ಇಷ್ಟ. ಹಳೇ ಟೂತ್‌ಬ್ರಷ್‌ನಿಂದ ಮಣ್ಣು ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಪೈರೈಟ್‌ಗೆ ಮಾತ್ರ ತೇವ ಆಗದು, ಅದನ್ನು ಒಣ ಡಬ್ಬಿಯಲ್ಲೇ ಇಡಬೇಕು. ಕಲ್ಲಿನ ಮೂಲೆಗೆ ಬಿಳಿ ನೇಲ್ ಪಾಲಿಶ್ ಒಂದು ಚುಕ್ಕೆ, ಅದರ ಮೇಲೆ ಮಾರ್ಕರ್‌ನಲ್ಲಿ ನಂಬರ್. ರಿಜಿಸ್ಟರ್‌ನಲ್ಲಿ ಅದೇ ನಂಬರಿನ ಎದುರು ಊರು, ಯಾವ ಹೊಲ, ಹತ್ತಿರದ ಗುರುತು, ತಾರೀಖು, ಕೊಟ್ಟವರು, ಗೆರೆಯ ಬಣ್ಣ. ಹೆಸರು ಗೊತ್ತಾಗದಿದ್ದರೆ ಆ ಜಾಗ ಖಾಲಿ. ಹೆಸರನ್ನು ಹತ್ತು ವರ್ಷ ಬಿಟ್ಟೂ ಕಂಡುಹಿಡಿಯಬಹುದು, ಊರು ಮರೆತರೆ ಆ ಕಲ್ಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸಣ್ಣ ತುಂಡುಗಳಿಗೆ ಮೊಟ್ಟೆ ಟ್ರೇ ಸಾಕು.

ಬರುವುದಾದರೆ ಗಟ್ಟಿ ಶೂ, ನೀರು, ಟೋಪಿ, ಕಲ್ಲು ಸುತ್ತಲು ಹಳೇ ಪೇಪರ್ ತನ್ನಿ. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು, ಬೆಣಚುಕಲ್ಲಿನ ಚೂರು ಗಾಜಿನಷ್ಟೇ ಹರಿತ. ಬೇಸಿಗೆಯಲ್ಲಿ ನಾವು ಹೊರಗೆ ಹೋಗುವುದಿಲ್ಲ, ಮೇಷ್ಟ್ರ ಮನೆಯಲ್ಲಿ ಕೂತು ಗುರುತು ಹಿಡಿಯುವ ಕೆಲಸ ಮಾಡುತ್ತೇವೆ. ಈಗ ಬೋರ್‌ವೆಲ್ ಕೊರೆಯುವಾಗ ಬರುವ ಪುಡಿಯನ್ನು ಆಳದ ಪ್ರಕಾರ ಪ್ಲಾಸ್ಟಿಕ್ ಚೀಲಗಳಲ್ಲಿ ಕೂಡಿಡಲು ಶುರು ಮಾಡಿದ್ದೇವೆ. ನಿಮ್ಮ ಓಣಿಯಲ್ಲಿ ಬೋರ್ ಲಾರಿ ಬಂದರೆ ಒಂದೊಂದು ಹಿಡಿ ತೆಗೆದಿಡಿ, ಎಷ್ಟು ಅಡಿಯದು ಅಂತ ಚೀಟಿ ಹಾಕುವುದನ್ನು ಮಾತ್ರ ಬಿಡಬೇಡಿ.