ಪಾಯಿಂಟು ಅಡಿಕೆ ಅಲ್ಲ, ಅಟ್ಟದ ಮೇಲೆ ಇಟ್ಟು ಕಾಯಬೇಡಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಸ್ವಲ್ಪ ದೂರ ಹೋದರೆ ನಮ್ಮ ತೋಟ. ಎರಡೂವರೆ ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಕಳೆದ ಆಷಾಢದಲ್ಲಿ ನಾನೂ ನಮ್ಮನೆಯವರೂ ಬೆಂಗಳೂರಿನಿಂದ ಸಿಂಗಾಪುರಕ್ಕೆ ಬಿಸಿನೆಸ್ ಕ್ಲಾಸಿನಲ್ಲಿ ಹೋಗಿ ಬಂದೆವು. ಟಿಕೆಟ್ಟಿಗೆ ಕೈಯಿಂದ ಕೊಟ್ಟಿದ್ದು ತೆರಿಗೆ ಮತ್ತು ಶುಲ್ಕ ಮಾತ್ರ. ಉಳಿದದ್ದೆಲ್ಲ ಪಾಯಿಂಟು, ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕಿನವರು ಕೊಡುವಂಥದ್ದು. ಬಂದ ಮೇಲೆ ನೆಂಟರಿಷ್ಟರು ಒಬ್ಬೊಬ್ಬರಾಗಿ ಕೇಳಿದರು. ಜಗಲಿ ಮೇಲೆ ಕೂತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಲ್ಲಿನ ವಿಷಯ. ಕಾರ್ಡಿನ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಲು ಆಗದವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು ಇರುತ್ತದೆ. 50,000 ರೂಪಾಯಿ ಬಾಕಿ ಬಿಟ್ಟರೆ ಒಂದು ತಿಂಗಳಿಗೆ 1,750 ರೂಪಾಯಿ ಬಡ್ಡಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ. ನಮ್ಮ ಕಾರ್ಡಿನಲ್ಲಿ ಅದೇ 50,000 ಖರ್ಚಿಗೆ ಸಿಗುವುದು 1,000 ಪಾಯಿಂಟು. ಚೆನ್ನಾಗಿ ಬಳಸಿದರೂ ಅದು 800 ರೂಪಾಯಿ ಬಾಳುತ್ತದೆ ಅಷ್ಟೆ. ನಮ್ಮಂಥ ತೋಟದವರಿಗೆ ಇನ್ನೊಂದು ತೊಂದರೆ ಇದೆ. ದುಡ್ಡು ಬರುವುದು ವರ್ಷಕ್ಕೆ ಒಂದೆರಡು ಸಲ, ಬಿಲ್ಲು ಬರುವುದು ಪ್ರತಿ ತಿಂಗಳು. ಅದಕ್ಕೆ ಮಂಡಿಯಿಂದ ದುಡ್ಡು ಬಂದ ಕೂಡಲೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿಬಿಡುತ್ತೇವೆ. ಬಿಲ್ಲು ಆ ಖಾತೆಯಿಂದಲೇ ತಾನಾಗಿ ಕಟ್ಟಿಹೋಗುತ್ತದೆ. ಆಟೋ ಡೆಬಿಟ್ ಹಾಕಿಸುವಾಗ ‘ಟೋಟಲ್ ಡ್ಯೂ’ ಅಂತ ಆರಿಸಿಕೊಳ್ಳಿ. ‘ಮಿನಿಮಮ್ ಡ್ಯೂ’ ಆರಿಸಿದರೆ ಬಡ್ಡಿ ಓಡುತ್ತಲೇ ಇರುತ್ತದೆ.

ಕಾರ್ಡು ಎಷ್ಟು ಬೇಕು? ಇಬ್ಬರಿಗೆ ತಲಾ ಒಂದು ಸಾಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಾವು ರಿಟರ್ನ್ಸ್ ಹಾಕುತ್ತಿರಲಿಲ್ಲ. ಅರ್ಜಿ ಕೊಟ್ಟಾಗ ಬ್ಯಾಂಕಿನವರು ಅದನ್ನೇ ಕೇಳಿದರು. ನಮ್ಮನೆಯವರು ರಿಟರ್ನ್ಸ್ ಹಾಕಿ ಕಾರ್ಡು ತಗೊಂಡರು. ನನ್ನ ಹೆಸರಿನಲ್ಲಿ ಆದಾಯದ ದಾಖಲೆ ಇರಲಿಲ್ಲ, ನಾನು ಎಫ್‌ಡಿ ಇಟ್ಟು ಅದರ ಮೇಲೆ ತಗೊಂಡೆ. ಹಾಗೆ ಕೊಡುವ ಬ್ಯಾಂಕುಗಳಿವೆ, ಕೇಳಿ ನೋಡಿ.

ಇಬ್ಬರೂ ಒಂದೇ ದಿನ ಅರ್ಜಿ ಹಾಕಬೇಡಿ. ಹೊಸ ಕಾರ್ಡಿಗೆ ‘ಇಷ್ಟು ದಿನದೊಳಗೆ ಇಷ್ಟು ಖರ್ಚು ಮಾಡಿದರೆ ಇಷ್ಟು ಪಾಯಿಂಟು’ ಅಂತ ಬೋನಸ್ ಇರುತ್ತದೆ. ಪಾಯಿಂಟು ಜಾಸ್ತಿ ಸೇರುವುದು ಅಲ್ಲೇ, ದಿನಸಿ ಅಂಗಡಿಯಲ್ಲಿ ಅಲ್ಲ. ಮನೆಯಲ್ಲಿ ಹೇಗೂ ಆಗಲೇಬೇಕಾದ ದೊಡ್ಡ ಖರ್ಚು ಯಾವಾಗ ಬರುತ್ತದೆ ಅಂತ ಮೊದಲು ನೋಡಿ, ಕಾರ್ಡು ಅದಕ್ಕಿಂತ ಒಂದು ತಿಂಗಳು ಮುಂಚೆ ಕೈಗೆ ಬರುವ ಹಾಗೆ ಮಾಡಿಕೊಳ್ಳಿ. ಇವರ ಕಾರ್ಡಿನ ಬೋನಸ್ಸು ಮಗಳ ಮದುವೆಯ ಛತ್ರ, ಅಡುಗೆ, ಸೀರೆಗಳಲ್ಲಿ ಮುಗಿಯಿತು. ನನ್ನದು ಮೈಲುತುತ್ತ, ಪಂಪು, ಪೈಪು ಮತ್ತು ಮನೆಯ ಮಾಡು ರಿಪೇರಿಯಲ್ಲಿ. ಚಿನ್ನ, ಪೆಟ್ರೋಲು, ಬಾಡಿಗೆ, ವಾಲೆಟ್ಟಿಗೆ ದುಡ್ಡು ತುಂಬುವುದು, ಇವಕ್ಕೆ ಎಷ್ಟೋ ಕಾರ್ಡುಗಳಲ್ಲಿ ಪಾಯಿಂಟೇ ಇಲ್ಲ. ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ, ಔಷಧಿ ಹೊಡೆಯುವವರಿಗೆ ಕೊಡುವುದು ನಗದು. ಅದನ್ನು ಕಾರ್ಡಿಗೆ ಎಳೆಯಲು ಹೋಗಬೇಡಿ.

ಬೋನಸ್ ಮುಟ್ಟಲಿ ಅಂತ ಬೇಡದ್ದನ್ನು ಕೊಳ್ಳಬಾರದು. ಇದರಲ್ಲಿ ನಾನು ತುಂಬ ಕಟ್ಟುನಿಟ್ಟು.

ಇನ್ನು ಪಾಯಿಂಟಿನ ಬೆಲೆ ಕಟ್ಟುವುದು ಹೇಗೆ ಅಂತ ನೋಡೋಣ. ಒಂದು ನೋಟ್‌ಬುಕ್ ಇಡಿ. ಕೊಚ್ಚಿಯಲ್ಲಿ ನಾವು ಉಳಿದ ಹೋಟೆಲ್ಲಿನ ರೂಮು ಆ ರಾತ್ರಿ ತೆರಿಗೆ ಸೇರಿ 12,000 ರೂಪಾಯಿ ಇತ್ತು. ಪಾಯಿಂಟಿನಲ್ಲಿ ಕೇಳಿದ್ದು 15,000. ಭಾಗಿಸಿದರೆ ಒಂದು ಪಾಯಿಂಟಿಗೆ 80 ಪೈಸೆ. ನಮ್ಮ ಬ್ಯಾಂಕಿನ ಕ್ಯಾಟಲಾಗಿನಲ್ಲಿದ್ದ ಮಿಕ್ಸಿಗೆ ಇದೇ ಲೆಕ್ಕ ಹಾಕಿದಾಗ ಸಿಕ್ಕಿದ್ದು 22 ಪೈಸೆ. ವಿಮಾನದ ಟಿಕೆಟ್ಟಿಗೆ ಲೆಕ್ಕ ಹಾಕುವಾಗ ಪಾಯಿಂಟಿನ ಟಿಕೆಟ್ಟಿಗೂ ಕೈಯಿಂದ ಕಟ್ಟುವ ತೆರಿಗೆಯನ್ನು ಮೊದಲು ಕಳೆದುಬಿಡಿ, ಉಳಿದದ್ದನ್ನು ಭಾಗಿಸಿ. 60 ಪೈಸೆಗಿಂತ ಕಡಿಮೆ ಬಂದರೆ ನಾನು ಮುಟ್ಟುವುದಿಲ್ಲ. ಇದು ನನ್ನ ಗೆರೆ, ನಿಮ್ಮದು ಬೇರೆ ಇರಬಹುದು.

ಅಡಿಕೆ ಬೆಳೆಯುವ ನಾವೆಲ್ಲ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಒಳ್ಳೆ ರಾಶಿ ಅಡಿಕೆ ಇದ್ದರೆ ಮೂಟೆ ಕಟ್ಟಿ ಅಟ್ಟದ ಮೇಲೆ ಇಡುತ್ತೇವೆ. ರೇಟು ಏರುವವರೆಗೂ ಕಾಯುತ್ತೇವೆ, ಅಲ್ವಾ? ಪಾಯಿಂಟನ್ನೂ ಹಾಗೇ ಇಟ್ಟುಕೊಳ್ಳೋಣ ಅಂತ ಅನಿಸುವುದು ಸಹಜ. ಆದರೆ ಪಾಯಿಂಟಿಗೆ ಮಂಡಿ ಇಲ್ಲ, ಹರಾಜು ಇಲ್ಲ. ಅದರ ಬೆಲೆ ಗೊತ್ತು ಮಾಡುವವರು ಕಂಪನಿಯವರೇ. ಹೋದ ವರ್ಷ 15,000ಕ್ಕೆ ಸಿಕ್ಕ ರೂಮು ಈ ವರ್ಷ 20,000 ಕೇಳುತ್ತದೆ. ಕೆಲವಕ್ಕೆ ಆಯುಷ್ಯವೂ ಉಂಟು. ವಿಮಾನ ಕಂಪನಿಯವರು ತಮ್ಮ ಪಾಯಿಂಟಿಗೆ ಮೈಲು ಅನ್ನುತ್ತಾರೆ; ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಯೋಜನೆಯ ಮೈಲು ಮೂರು ವರ್ಷಕ್ಕೆ ಮುಗಿಯುತ್ತದೆ. ಮ್ಯಾರಿಯಟ್ ಹೋಟೆಲಿನವರ ಖಾತೆಯಲ್ಲಿ 24 ತಿಂಗಳು ಏನೂ ನಡೆಯದಿದ್ದರೆ ಪಾಯಿಂಟು ಹೋಗುತ್ತದೆ. 2024ರ ನವೆಂಬರ್ 12ರಂದು ವಿಸ್ತಾರಾ ವಿಮಾನ ಕಂಪನಿ ಏರ್ ಇಂಡಿಯಾದೊಳಗೆ ಸೇರಿತು. ಅದರ ಪಾಯಿಂಟುಗಳೂ ಏರ್ ಇಂಡಿಯಾ ಲೆಕ್ಕಕ್ಕೆ ಹೋದವು. ಕೂಡಿಸುವ ಮುಂಚೆಯೇ ಎಲ್ಲಿಗೆ ಹೋಗುವುದು ಅಂತ ನಿಶ್ಚಯ ಮಾಡಿ. ಅಷ್ಟು ತುಂಬಿದ ದಿನವೇ ಖರ್ಚು ಮಾಡಿ.

ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಯ ಖಾತೆಗೆ ಕಳಿಸಿ, ಮೈಲು ಮಾಡಿಕೊಂಡು, ಅದರಲ್ಲಿ ಟಿಕೆಟ್ ತೆಗೆಯುವುದು. ಕಳಿಸುವ ಮೊದಲು ಸೀಟು ಇದೆಯಾ ಅಂತ ನೋಡಿ. ಕಳಿಸಿದ ಮೇಲೆ ವಾಪಸ್ ಬರುವುದಿಲ್ಲ. ಹುಡುಕುವಾಗ ಮೊದಲಿಂದಲೇ ಇಬ್ಬರು ಅಂತ ಹಾಕಿ. ಒಂದು ಸೀಟು ಇದ್ದು ಎರಡನೆಯದು ಇಲ್ಲದಿರುವುದು ಸಾಮಾನ್ಯ. ಕ್ರಿಸ್‌ಫ್ಲೈಯರಿನಲ್ಲಿ ಸೀಟು 355 ದಿನ ಮುಂಚೆ ತೆರೆಯುತ್ತದೆ, ‘ಸೇವರ್’ ದರದ್ದು ಕಡಿಮೆ ಮೈಲಿಗೆ ಸಿಗುತ್ತದೆ. ಗಂಡ ಹೆಂಡತಿ ಮೈಲುಗಳನ್ನು ಒಂದೇ ಖಾತೆಗೆ ಸೇರಿಸಲು ಅಲ್ಲಿ ಬಿಡುವುದಿಲ್ಲ. ಆದರೆ ಒಬ್ಬರ ಖಾತೆಯಿಂದ ಇನ್ನೊಬ್ಬರಿಗೆ ಟಿಕೆಟ್ ಮಾಡಬಹುದು, ಮೊದಲೇ ನಾಮಿನಿ ಅಂತ ಸೇರಿಸಿರಬೇಕು ಅಷ್ಟೆ. ನಾವು ಹೋಗುವ ಟಿಕೆಟ್ಟನ್ನು ಇವರ ಖಾತೆಯಿಂದ, ಬರುವುದನ್ನು ನನ್ನ ಖಾತೆಯಿಂದ ಮಾಡಿದೆವು. ಆಷಾಢ ಆರಿಸಿದ್ದಕ್ಕೂ ಕಾರಣ ಇದೆ. ಮದುವೆ ಮುಂಜಿ ಇರುವುದಿಲ್ಲ. ಅಡಿಕೆಗೆ ಮೊದಲ ಸಲದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಆಗಿರುತ್ತದೆ, ಎರಡನೆಯದಕ್ಕೆ ಇನ್ನೂ ದಿನ ಇರುತ್ತದೆ.

ಈಗ ನಾವು ಪೆಟ್ಟು ತಿಂದ ಜಾಗ ಹೇಳುತ್ತೇನೆ. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಇರುತ್ತದೆ. ಬ್ಯಾಂಕಿನಲ್ಲಿ ನನ್ನ ಹೆಸರು ಹಾಗೇ ಇನಿಷಿಯಲ್ ಜೊತೆ ಇತ್ತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆದಿದ್ದರು. ಮೊದಲ ಸಲ ಬೇರೊಂದು ವಿಮಾನ ಕಂಪನಿಗೆ ಪಾಯಿಂಟು ಕಳಿಸಿದಾಗ ಹೆಸರು ಹೊಂದಲಿಲ್ಲ ಅಂತ ನಿಂತುಹೋಯಿತು. ಆಧಾರ್, ಪ್ಯಾನ್, ಮದುವೆ ಸರ್ಟಿಫಿಕೇಟು ಎಲ್ಲ ಕಳಿಸಿ ಮೂರು ವಾರ ಕಾದೆ. ಅಷ್ಟರಲ್ಲಿ ಸೀಟು ಹೋಯಿತು. ಅವತ್ತು ನಾನು ಅತ್ತಿದ್ದೆ. ‘ಅಲ್ಲ ಮಾರಾಯ್ತಿ, ಸೀಟು ಹೋದರೆ ಹೋಯ್ತು, ಪಾಯಿಂಟು ಉಳೀತಲ್ಲ’ ಅಂತ ಇವರು ಸಮಾಧಾನ ಮಾಡಿದರು. ನೀವು ಖಾತೆ ತೆರೆಯುವ ದಿನವೇ ಪಾಸ್‌ಪೋರ್ಟು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಅಕ್ಷರ ನೋಡಿ ತುಂಬಿ. ಬ್ಯಾಂಕಿನಲ್ಲೂ ಅದೇ ಹೆಸರು ಮಾಡಿಸಿ.

ಇನ್ನೊಂದು ನಮ್ಮ ಮಲೆನಾಡಿನದೇ ಕಷ್ಟ, ಒಟಿಪಿ. ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಮೂಲೆಯಲ್ಲಿ, ಮಳೆಗಾಲದಲ್ಲಿ ಅಲ್ಲೂ ಇಲ್ಲ. ಟಿಕೆಟ್ ಮಾಡುವ ದಿನ ತೀರ್ಥಹಳ್ಳಿಯಲ್ಲಿ ತಂಗಿ ಮನೆಗೆ ಹೋಗಿ ಕೂತೆವು. ಒಟಿಪಿ ಇಮೇಲಿಗೂ ಬರುವ ಹಾಗೆ ಬ್ಯಾಂಕಿನಲ್ಲಿ ಕೇಳಿ ಮಾಡಿಸಿಕೊಂಡರೆ ಅರ್ಧ ಕಷ್ಟ ಕಡಿಮೆ.

ಎಲ್ಲದರಲ್ಲೂ ಐಷಾರಾಮ ಬೇಡ. ಸಿಂಗಾಪುರದಲ್ಲಿ ನಾವು ಉಳಿದದ್ದು ಲಿಟಲ್ ಇಂಡಿಯಾದ ಸಣ್ಣ ಹೋಟೆಲಿನಲ್ಲಿ, ದುಡ್ಡು ಕೊಟ್ಟು. ಸೆರಂಗೂನ್ ರಸ್ತೆಯಲ್ಲಿ ಇಡ್ಲಿ ದೋಸೆ ಸಿಗುತ್ತದೆ. ಪಾಯಿಂಟು ಹಾಕಿದ್ದು ವಿಮಾನಕ್ಕೆ, ಯಾಕೆಂದರೆ ಇವರಿಗೆ ಮಂಡಿನೋವು. ಮೂವತ್ತು ವರ್ಷ ತೋಟದ ಏರು ಹತ್ತಿ ಇಳಿದ ಕಾಲು. ಬಸ್ಸಿನಲ್ಲಿ ಎರಡು ಗಂಟೆ ಕೂತರೂ ಊದಿಕೊಳ್ಳುತ್ತದೆ. ರಾತ್ರಿ ವಿಮಾನ ಮೇಲೆ ಏರಿದ ಮೇಲೆ ಗಗನಸಖಿ ಬಂದು ಸೀಟನ್ನು ಮಂಚದ ಹಾಗೆ ಮಾಡಿಕೊಟ್ಟಳು. ಇವರು ಕಾಲು ಚಾಚಿ, ಹೊದಿಕೆ ಗಲ್ಲದವರೆಗೆ ಎಳೆದುಕೊಂಡು, ಹತ್ತು ನಿಮಿಷದಲ್ಲಿ ಗೊರಕೆ ಹೊಡೆದರು. ನಾನು ಸುಮ್ನೆ ನೋಡುತ್ತಾ ಕೂತಿದ್ದೆ. ಎರಡು ವರ್ಷ ಲೆಕ್ಕ ಬರೆದದ್ದು ಸಾರ್ಥಕ ಅನಿಸಿತು.

ಹೋಟೆಲ್ ಬೇಕು ಅನ್ನುವವರು ಒಂದು ಗಮನದಲ್ಲಿಡಿ. ಮ್ಯಾರಿಯಟ್‌ನಲ್ಲಿ ಪೂರ್ತಿ ಪಾಯಿಂಟಿನಲ್ಲೇ ಸತತ ಐದು ರಾತ್ರಿ ಬುಕ್ ಮಾಡಿದರೆ ನಾಲ್ಕಕ್ಕೆ ಮಾತ್ರ ಪಾಯಿಂಟು. ಅಕೋರ್ ಅಂತ ಇನ್ನೊಂದು ಹೋಟೆಲ್ ಕಂಪನಿ, ಅಲ್ಲಿ ಲೆಕ್ಕ ಸುಲಭ, 2,000 ಪಾಯಿಂಟಿಗೆ 40 ಯೂರೋ ಬಿಲ್ಲಿನಲ್ಲಿ ಕಳೆಯುತ್ತಾರೆ. ಮುಂದಿನ ಸಲ ನಾವು ಐದು ರಾತ್ರಿಯ ಲೆಕ್ಕದಲ್ಲೇ ಹೋಗುವುದು ಅಂತ ಮಾತಾಗಿದೆ. ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಮೇಲೆ ಉದಯಪುರ ಅಂತ ಬರೆದಿದ್ದೇನೆ. ಕೆಳಗೆ ಮೊದಲ ಸಾಲು ಈ ವಾರದ್ದು: ಮೈಲುತುತ್ತ, ಸುಣ್ಣ, ಇವರ ಕಾರ್ಡು.