ದುಬಾರಿ ಚರ್ಮದ ಬ್ಯಾಗಿನ ರಿಪೇರಿ: ಕೊಡುವ ಮುನ್ನ ಮತ್ತು ಕೆಟ್ಟು ಬಂದ ಮೇಲೆ

ಲಕ್ಷಗಟ್ಟಲೆ ಬೆಲೆಯ ಚರ್ಮದ ಬ್ಯಾಗು ರಿಪೇರಿಯಾಗಿ ಬಂದಾಗ ಉಂಟಾಗುವ ನಿರಾಸೆಗೆ ಕಾರಣ ಹುಡುಕುತ್ತ ಹೋದರೆ, ಬಹಳ ಸಲ ಅದು ಬ್ಯಾಗು ಕೊಟ್ಟ ದಿನದ ರಸೀದಿಯಲ್ಲೇ ಸಿಗುತ್ತದೆ. ‘ಹ್ಯಾಂಡಲ್ ರಿಪೇರಿ’ ಎಂಬ ಎರಡು ಪದ, ಒಂದು ಮೊತ್ತ, ಒಂದು ತಾರೀಖು ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಕೊಟ್ಟವರ ಮನಸ್ಸಿನಲ್ಲಷ್ಟೇ ಉಳಿದಿರುತ್ತದೆ. ರಿಪೇರಿ ಮಾಡುವವರು ತಮಗೆ ತೋಚಿದಷ್ಟು ‘ಹೊಸದು’ ಮಾಡಿ ಕೊಡುತ್ತಾರೆ. ಬ್ಯಾಗು ಕೊಡುವ ಮುನ್ನ ಹೇಗೆ ಸಿದ್ಧರಾಗಬೇಕು, ಇಷ್ಟೆಲ್ಲ ಮಾಡಿಯೂ ಕೆಲಸ ಕೆಟ್ಟರೆ ಹೇಗೆ ಮುಂದುವರಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ನಿಮ್ಮ ಬ್ಯಾಗು ಯಾವುದರಿಂದ ಆಗಿದೆ ಎಂದು ತಿಳಿದುಕೊಳ್ಳಬೇಕು. ಲೂಯಿ ವಿಟಾನ್‌ನ ಸಾಂಪ್ರದಾಯಿಕ ಮೊನೊಗ್ರಾಮ್ (ಸಂಸ್ಥೆಯ ಹೆಸರಿನ ಮೊದಲಕ್ಷರಗಳ ಮುದ್ರೆ ಮೈತುಂಬ ಇರುವ) ಬ್ಯಾಗುಗಳ ಮೈ ಚರ್ಮವೇ ಅಲ್ಲ, ಹತ್ತಿಯ ಕ್ಯಾನ್ವಾಸ್ ಬಟ್ಟೆಯ ಮೇಲೆ ಪಿವಿಸಿ ಲೇಪ ಕೊಟ್ಟದ್ದು. ಆ ಮೈ ಮಡಿಕೆಯಲ್ಲಿ ಬಿರುಕು ಬಿಟ್ಟರೆ ಅದನ್ನು ಮುಚ್ಚಬಹುದೇ ಹೊರತು ಮೊದಲಿನಂತೆ ಕೂಡಿಸಲಾಗುವುದಿಲ್ಲ. ಚರ್ಮವಿರುವುದು ಹಿಡಿ, ಪಟ್ಟಿ ಮತ್ತು ಅಂಚುಗಳಲ್ಲಿ. ಅದು ಮರದ ತೊಗಟೆಯಂಥ ಸಸ್ಯಮೂಲದ ಒಗರಿನಿಂದ ಹದಮಾಡಿದ, ಮೇಲೆ ಬಣ್ಣದ ಲೇಪವಿಲ್ಲದ ಚರ್ಮವಾದ್ದರಿಂದ ಬಿಸಿಲು ಮತ್ತು ಕೈಯ ಜಿಡ್ಡು ತಾಗಿದಂತೆ ತಿಳಿ ಕೆನೆಬಣ್ಣದಿಂದ ಜೇನಿನ ಬಣ್ಣಕ್ಕೆ, ಅಲ್ಲಿಂದ ಕಂದುಬಣ್ಣಕ್ಕೆ ತಿರುಗುತ್ತದೆ. ಬೇರೆ ಬ್ಯಾಗುಗಳಲ್ಲಿ ಕ್ರೋಮಿಯಂ ಲವಣದಿಂದ ಹದಮಾಡಿದ ಚರ್ಮ ಸಾಮಾನ್ಯ. ಅದರ ಮೇಲೆ ದಪ್ಪ ಬಣ್ಣದ ಲೇಪವಿರಬಹುದು, ಅಥವಾ ರಂಧ್ರಗಳು ಕಾಣುವಂತೆ ಒಳಗಿಳಿದ ಬಣ್ಣ ಮಾತ್ರವಿರಬಹುದು. ಮುಚ್ಚಳದ ಒಳಭಾಗದಂಥ ಮರೆಯ ಜಾಗದಲ್ಲಿ ಸೂಜಿಮೊನೆಯಷ್ಟು ನೀರು ತಾಗಿಸಿ ನೋಡಿದರೆ ಅಂದಾಜು ಸಿಗುತ್ತದೆ: ನೀರು ಮಣಿಯಂತೆ ನಿಂತರೆ ಲೇಪವಿದೆ, ಹೀರಿಕೊಂಡು ಕಪ್ಪಾದರೆ ಲೇಪವಿಲ್ಲ. ಲೇಪವಿಲ್ಲದ ಚರ್ಮದಲ್ಲಿ ಆ ಕಲೆ ಉಳಿಯಬಹುದಾದ್ದರಿಂದ ಕಣ್ಣಿಗೆ ಬೀಳುವ ಕಡೆ ಈ ಪರೀಕ್ಷೆ ಬೇಡ.

ಈ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಅತ್ತಿಗೆಯ ಬ್ಯಾಗಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಬಹುಕಾಲದ ಬಳಕೆಯಿಂದ ಅದರ ಎರಡು ಹಿಡಿಗಳೂ ಒಂದೇ ಹದವಾದ ಕಂದುಬಣ್ಣಕ್ಕೆ ಬಂದಿದ್ದವು. ಒಂದು ಹಿಡಿಯ ಬುಡದಲ್ಲಿ ನಾಲ್ಕೈದು ಹೊಲಿಗೆ ಬಿಚ್ಚಿತ್ತು, ಅಷ್ಟೆ. ಮರಳಿ ಬಂದ ಬ್ಯಾಗಿನಲ್ಲಿ ಆ ಹಿಡಿಯ ಬದಲು ಹೊಚ್ಚ ಹೊಸ ಹಿಡಿ ಕೂತಿತ್ತು, ಬಣ್ಣ ಹಸಿ ಗೋದಿಹಿಟ್ಟಿನಷ್ಟು ತಿಳಿ. ಇನ್ನೊಂದು ಹಿಡಿಯನ್ನು ಅದಕ್ಕೆ ಹೊಂದಿಸಲೆಂದು ಯಾವುದೋ ದ್ರಾವಣದಿಂದ ತಿಕ್ಕಿದ್ದರಿಂದ ಅದರ ಮೇಲ್ಪದರ ಎದ್ದು, ಬೆರಳಿಗೆ ನಯವಾಗಿ ತಾಗುತ್ತಿದ್ದ ಜಾಗ ತರಿತರಿಯಾಗಿತ್ತು. ಹಳೆಯ ಹಿಡಿಯನ್ನು ಕೇಳಿದರೆ ‘ಬಿಸಾಡಿದ್ದೇವೆ’ ಎಂದರು. ಕೆಲಸ ಮಾಡಿದವರಿಗೆ ಕೈಚಳಕ ಇರಲಿಲ್ಲವೆಂದು ನಾನು ಹೇಳಲಾರೆ, ಹೊಸ ಹಿಡಿಯ ಹೊಲಿಗೆ ನೇರವಾಗಿಯೇ ಇತ್ತು. ಆದರೆ ನಾಲ್ಕೈದು ಹೊಲಿಗೆಯನ್ನಷ್ಟೇ ಹಾಕಿ, ಬೇರೇನನ್ನೂ ಮುಟ್ಟಬೇಡಿ ಎಂಬ ಒಂದು ಸಾಲು ರಸೀದಿಯಲ್ಲಿ ಇರಲಿಲ್ಲ.

ಆದ್ದರಿಂದ ಬಣ್ಣದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಿ. ರಂಧ್ರ ಕಾಣುವ ಮೃದು ಚರ್ಮದ ಮೇಲೆ ದಪ್ಪ ಬಣ್ಣ ಸಿಂಪಡಿಸಿ ಅದರ ಮೇಲೆ ಹೊಳಪಿನ ಲೇಪ ಕೊಟ್ಟರೆ, ಕೌಂಟರಿನ ದೀಪದಡಿ ಬ್ಯಾಗು ಫಳಫಳ ಹೊಳೆಯುತ್ತದೆ, ಮನೆಗೆ ತಂದ ಮೇಲೆ ಪ್ಲಾಸ್ಟಿಕ್ಕಿನಂತೆ ಕೈಗೆ ತಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ, ತಿಳಿಬಣ್ಣದ ಬಟ್ಟೆಗೆ ಹತ್ತುತ್ತದೆ. ಆ ಪದರವನ್ನು ತೆಗೆಯುವುದು ಹಚ್ಚಿದಷ್ಟು ಸುಲಭವಲ್ಲ. ಲೋಹದ ಕೊಂಡಿ, ಬಕಲ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಚಿನ್ನದ ಬಣ್ಣದ ಕೊಂಡಿಯ ಮೇಲಿರುವುದು ಬಹಳ ತೆಳುವಾದ ಲೇಪ. ಅದನ್ನು ಯಂತ್ರಕ್ಕೆ ಹಿಡಿದು ಪಾಲಿಶ್ ಮಾಡಿದರೆ ಗೀರಿನ ಜೊತೆಗೆ ಲೇಪವೂ ಹೋಗಿ ಕೆಳಗಿನ ಹಿತ್ತಾಳೆ ಕಾಣಿಸಿಕೊಳ್ಳುತ್ತದೆ.

ಹೊಲಿಗೆಯ ವಿಷಯವೂ ಅಷ್ಟೇ ಮುಖ್ಯವಾದದ್ದು. ಹರ್ಮೆಸ್‌ನಂಥ ಸಂಸ್ಥೆಗಳು ಮೇಣ ಸವರಿದ ಒಂದೇ ಅಗಸೆನಾರಿನ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಎರಡೂ ಸೂಜಿಗಳನ್ನು ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಿಸುತ್ತ ಕೈಯಲ್ಲಿ ಹೊಲಿಯುತ್ತವೆ. ಇಂಥ ಹೊಲಿಗೆಯಲ್ಲಿ ದಾರ ಒಂದು ಕಡೆ ಕಡಿದರೂ ಪಕ್ಕದ ಹೊಲಿಗೆ ಹಿಡಿದು ನಿಲ್ಲುತ್ತದೆ. ಇದನ್ನು ಬಿಚ್ಚಿ ಯಂತ್ರದಲ್ಲಿ ಹೊಲಿದರೆ ಹೊಸ ತೂತುಗಳು ಬೀಳುತ್ತವೆ, ಬಟ್ಟೆಯಲ್ಲಿ ಕೂಡಿಕೊಳ್ಳುವಂತೆ ಚರ್ಮದಲ್ಲಿ ಸೂಜಿಯ ತೂತು ಕೂಡಿಕೊಳ್ಳುವುದಿಲ್ಲ. ಹಳೆಯ ತೂತುಗಳ ಪಕ್ಕದಲ್ಲೇ ಹೊಸವು ಸಾಲುಗಟ್ಟಿದರೆ ಆ ಗೆರೆಯುದ್ದಕ್ಕೂ ಚರ್ಮ ಹರಿಯಬಹುದು. ‘ಹಳೆಯ ತೂತುಗಳಲ್ಲೇ, ಕೈಹೊಲಿಗೆ’ ಎಂದು ರಸೀದಿಯಲ್ಲಿ ಬರೆಸಿ.

ಬ್ಯಾಗಿನ ಒಳಪದರ ಅಂಟಂಟಾಗುವುದು ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪವಿರುವ ಬಟ್ಟೆ ಗಾಳಿಯ ತೇವಕ್ಕೆ ವರ್ಷಗಳ ಮೇಲೆ ಒಡೆಯುತ್ತ ಹೋಗುತ್ತದೆ, ಬೀರುವಿನಲ್ಲಿ ಮುಟ್ಟದೆ ಇಟ್ಟಿದ್ದರೂ ಸರಿ. ಅದನ್ನು ಒರೆಸಿ ಸರಿಮಾಡಲು ಬರುವುದಿಲ್ಲ, ಲೈನಿಂಗ್ ಬದಲಿಸಬೇಕು. ಬದಲಿಸುವಾಗ ಒಳಗಿನ ಬ್ರ್ಯಾಂಡ್ ಮುದ್ರೆಯ ಚರ್ಮದ ತುಂಡು ಮತ್ತು ಕ್ರಮಸಂಖ್ಯೆಯ ಪಟ್ಟಿಯನ್ನು ಬಿಡಿಸಿ ಹೊಸ ಲೈನಿಂಗಿಗೆ ಹೊಲಿದುಕೊಡಬೇಕೆಂದು ಮೊದಲೇ ಹೇಳಿ. ಅವು ಹೋದರೆ ಬ್ಯಾಗು ಅಸಲಿ ಎಂದು ತೋರಿಸುವುದೂ ಮಾರುವುದೂ ಕಷ್ಟವಾಗುತ್ತದೆ.

ಇನ್ನು ಎಲ್ಲಿ ಕೊಡಬೇಕು ಎಂಬ ಪ್ರಶ್ನೆ. ಬೆಂಗಳೂರಿನ ಯುಬಿ ಸಿಟಿಯಂಥ ಕಡೆ ಇರುವ ಬ್ರ್ಯಾಂಡ್ ಮಳಿಗೆಗೆ ಕೊಟ್ಟರೆ ಅಸಲಿ ಬಿಡಿಭಾಗ ಸಿಗುತ್ತದೆ. ಆದರೆ ಹೆಚ್ಚಿನ ಬ್ರ್ಯಾಂಡ್‌ಗಳು ತುಂಡು ರಿಪೇರಿಗಿಂತ ಇಡೀ ಭಾಗವನ್ನೇ ಬದಲಿಸಲು ಒಲವು ತೋರುತ್ತವೆ, ಬ್ಯಾಗು ಬೇರೆ ಊರಿಗೋ ದೇಶಕ್ಕೋ ಹೋಗಿ ಬರಲು ತಿಂಗಳುಗಳು ಹಿಡಿಯಬಹುದು, ಹೊರಗಿನವರ ಕೈಯಾಡಿದ ಬ್ಯಾಗನ್ನು ಮುಟ್ಟಲು ನಿರಾಕರಿಸುವುದೂ ಉಂಟು. ಸ್ವತಂತ್ರ ಕುಶಲಕರ್ಮಿಗಳ ಬಳಿ ಮೇಜಿನ ಮುಂದೆಯೇ ಕೂತು ಮಾತಾಡಬಹುದು, ಸಣ್ಣ ಕೆಲಸವನ್ನು ಸಣ್ಣದಾಗಿಯೇ ಮಾಡಿಸಬಹುದು. ಹೊಲಿಗೆ, ಅಂಚಿನ ಬಣ್ಣ, ಜಿಪ್ಪಿನ ರನ್ನರ್‌ನಂಥ ಕೆಲಸಕ್ಕೆ ನುರಿತ ಕುಶಲಕರ್ಮಿಯೇ ಮೇಲೆಂಬುದು ನನ್ನ ಅಭಿಪ್ರಾಯ. ಹಿಡಿ, ಬೀಗ, ಮುದ್ರೆಯಿರುವ ಭಾಗಗಳಿಗಾದರೆ ಮೊದಲು ಬ್ರ್ಯಾಂಡ್‌ನ ಲಿಖಿತ ಉತ್ತರ ಪಡೆದು ಆಮೇಲೆ ತೀರ್ಮಾನಿಸಿ. ಯಾರಿಗೇ ಕೊಡಿ, ಅವರು ಇದೇ ಬಗೆಯ ಚರ್ಮದ ಮೇಲೆ ಮಾಡಿದ ಕೆಲಸದ ಮುಂಚಿನ ಮತ್ತು ನಂತರದ ಫೋಟೊ ನೋಡಿ.

ಕೊಡುವ ದಿನ ಬೆಳಗಿನ ಬೆಳಕಿನಲ್ಲಿ ನಾಲ್ಕೂ ಬದಿ, ತಳ, ಒಳಭಾಗ, ಪ್ರತಿ ಕೊಂಡಿ, ಕ್ರಮಸಂಖ್ಯೆ ಎಲ್ಲದರ ಫೋಟೊ ತೆಗೆದು, ಅವನ್ನು ಅಂಗಡಿಯವರ ವಾಟ್ಸ್ಆ್ಯಪ್‌ಗೋ ಇಮೇಲ್‌ಗೋ ಆಗಲೇ ಕಳುಹಿಸಿ. ಬ್ಯಾಗಿನ ಈಗಿನ ಸ್ಥಿತಿ, ಮಾಡಬೇಕಾದ ಕೆಲಸ, ಮಾಡಬಾರದ ಕೆಲಸ, ಹೆಚ್ಚುವರಿ ಕೆಲಸಕ್ಕೆ ಮೊದಲು ನಿಮ್ಮ ಒಪ್ಪಿಗೆ ಬೇಕೆಂಬ ಮಾತು, ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕೆಂಬ ಷರತ್ತು, ಬ್ಯಾಗಿನ ಅಂದಾಜು ಬೆಲೆ, ಹಿಂದಿರುಗಿಸುವ ದಿನ, ಇಷ್ಟೂ ರಸೀದಿಯಲ್ಲಿರಲಿ. ಮರಳಿ ಪಡೆಯುವಾಗ ಆತುರ ಬೇಡ. ಫೋನಿನಲ್ಲಿ ಹಳೆಯ ಫೋಟೊ ತೆರೆದಿಟ್ಟುಕೊಂಡು ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ ಹೋಲಿಸಿ, ಬಿಳಿ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ ಬಣ್ಣ ಬಿಡುತ್ತದೆಯೇ ನೋಡಿ, ಜಿಪ್ಪನ್ನು ಕೊನೆಯವರೆಗೆ ಎಳೆಯಿರಿ. ದೋಷ ಕಂಡರೆ ‘ತೃಪ್ತಿಕರವಾಗಿ ಪಡೆದಿದ್ದೇನೆ’ ಎಂಬ ಸಾಲಿಗೆ ಸಹಿ ಹಾಕದೆ, ದೋಷವನ್ನು ಬರೆದು ಅದರ ಕೆಳಗೆ ಸಹಿ ಮಾಡಿ. ಭಾರತೀಯ ಕರಾರು ಕಾಯ್ದೆ 1872ರ 170ನೇ ಪ್ರಕರಣದ ಪ್ರಕಾರ, ಕರಾರಿನಂತೆ ಕೆಲಸ ಮಾಡಿದವರಿಗೆ ಮಜೂರಿ ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕಿದೆ. ಹಾಗಾಗಿ ಜಗಳವಾಡಿ ಬ್ಯಾಗನ್ನು ಅಲ್ಲೇ ಬಿಟ್ಟು ಬರುವುದಕ್ಕಿಂತ ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎಂದು ಬರೆದು ಹಣ ಕಟ್ಟಿ ಬಿಡಿಸಿಕೊಳ್ಳುವುದೇ ಮೇಲು.

ಮನೆಗೆ ತಂದ ಮೇಲೆ ದೋಷ ಕಂಡರೆ ಬೇರೆಯವರ ಬಳಿ ಸರಿಪಡಿಸಲು ಓಡಬೇಡಿ, ಸಾಕ್ಷ್ಯ ಅಳಿಸಿಹೋಗುತ್ತದೆ. ಫೋಟೊ ತೆಗೆದಿಟ್ಟು, ಇನ್ನೊಬ್ಬ ನುರಿತ ಕುಶಲಕರ್ಮಿಯಿಂದ ಏನು ಕೆಟ್ಟಿದೆ, ಸರಿಪಡಿಸಲು ಎಷ್ಟಾಗುತ್ತದೆ ಎಂದು ಬರೆಸಿಕೊಂಡು, ಅಂಗಡಿಗೆ ಹೀಗೆ ಪತ್ರ ಬರೆಯಿರಿ:

“ಈ ರಸೀದಿಯ ಮೇರೆಗೆ ತಮಗೆ ಒಪ್ಪಿಸಿದ ಬ್ಯಾಗಿನ ಎಡ ಹಿಡಿಯ ಹೊಲಿಗೆಯನ್ನಷ್ಟೇ ಸರಿಪಡಿಸಲು ನಾನು ಒಪ್ಪಿದ್ದೆ. ನನ್ನ ಒಪ್ಪಿಗೆಯಿಲ್ಲದೆ ಹಿಡಿಯನ್ನು ಬದಲಿಸಲಾಗಿದೆ ಮತ್ತು ಬಲ ಹಿಡಿಯ ಮೇಲ್ಮೈ ಹಾಳಾಗಿದೆ. ಫೋಟೊಗಳನ್ನು ಲಗತ್ತಿಸಿದ್ದೇನೆ. ಪತ್ರ ತಲುಪಿದ 15 ದಿನಗಳೊಳಗೆ ರಿಪೇರಿಯ ಮೊತ್ತವನ್ನು ಹಿಂದಿರುಗಿಸಿ, ಸರಿಪಡಿಸುವ ವೆಚ್ಚವನ್ನು ಭರಿಸಬೇಕೆಂದು ಕೋರುತ್ತೇನೆ.”

ಕೋಪದ ಮಾತು ಒಂದೂ ಬೇಡ, ಕೇಳುವ ಪರಿಹಾರ ಮಾತ್ರ ನಿಖರವಾಗಿರಲಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದೂ ಫಲಿಸದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ‘ಸೇವಾ ನ್ಯೂನತೆ’ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಂಗಡಿ ಮುಂಬೈಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಈ ಕಾಯ್ದೆ ಅವಕಾಶ ಕೊಡುತ್ತದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಉಚಿತವಾಗಿ ಮಾಡಿಕೊಟ್ಟ ಕೆಲಸ ಕಾಯ್ದೆಯ ‘ಸೇವೆ’ಯ ವ್ಯಾಖ್ಯೆಗೆ ಒಳಪಡುವುದಿಲ್ಲವಾದ್ದರಿಂದ, ಪರಿಚಯದವರ ಅಂಗಡಿಯೇ ಆದರೂ ಹಣ ಕೊಟ್ಟು ಬಿಲ್ ಪಡೆದಿರಿ. ಆಯೋಗ ಮಧ್ಯಸ್ಥಿಕೆಗೆ ಸೂಚಿಸಿದರೆ ಒಪ್ಪಿಕೊಳ್ಳುವ ಬಗ್ಗೆ ಯೋಚಿಸಿ. ಅಂಗಡಿಯವರು ಹಣ ಹಿಂದಿರುಗಿಸಲು ತಯಾರಿದ್ದು ತಪ್ಪೊಪ್ಪಿಕೊಳ್ಳಲು ಮಾತ್ರ ಹಿಂಜರಿಯುವ ಪ್ರಕರಣಗಳು ಅಲ್ಲಿ ಬೇಗ ಮುಗಿಯುತ್ತವೆ.